ಓದುಗರು ಕೇಳಿದ್ದು: ಗುಂಡು, ಬಾಣ, ದಾರೂಗೋಳಾ

ದಸರಾ ಸಂಚಿಕೆಯಲ್ಲಿ ಆಯುಧ ಪೂಜೆ ಬಗ್ಗೆ ಬರೆಯುವಾಗ, ಎಸೆಯುವ ಮತ್ತು ಹಾರಿಸುವ ಆಯುಧಗಳ ಹೆಸರಿನ ಬಗ್ಗೆ ಏನಾದರೂ ಕೇಳಬೇಕಿದ್ದರೆ ಕಳಿಸಿ ಅಂದಿದ್ದೆ. ಸುಮ್ನೆ ಒಂದು ಮಾತಿಗೆ ಅಂದದ್ದು. ಡೊಂಬಿವಲಿಯಿಂದ ವಾಸ್ಕೋವರೆಗೆ ಪತ್ರಗಳು ಬಂದಿವೆ, ವಾಟ್ಸಾಪಿನಲ್ಲಿ ಬಂದದ್ದು ಬೇರೆ. ಎಲ್ಲದಕ್ಕೂ ಜಾಗ ಇಲ್ಲ. ಒಂದೇ ಪ್ರಶ್ನೆಯನ್ನು ಹಲವರು ಕೇಳಿದ್ದರೆ ಒಬ್ಬರದ್ದು ಮಾತ್ರ ತಗೊಂಡಿದ್ದೇನೆ.

ಪ್ರಶ್ನೆ: ಊರಿಂದ ಬಂದ ನಮ್ಮ ಮಾವನವರನ್ನು ಕರ್ಕೊಂಡು ಖಡಕಿ ಕಡೆ ಹೋಗುವಾಗ ರಿಕ್ಷಾದವನು "ಇದು ದಾರೂಗೋಳಾ ಕಾರಖಾನಾ" ಅಂದ. ಮಾವ ಬೆರಗಾಗಿ, "ಸರಕಾರದವರೇ ಇಷ್ಟು ದೊಡ್ಡ ಹೆಂಡದ ಫ್ಯಾಕ್ಟರಿ ನಡೆಸ್ತಾರಾ?" ಅಂತ ಕೇಳಿದರು. ನಾವೆಲ್ಲ ನಕ್ಕೆವು. ಆದರೆ ದಾರೂ ಅಂದ್ರೆ ಹೆಂಡಾನೇ ಅಲ್ವಾ? ಮದ್ದುಗುಂಡಿಗೂ ಅದಕ್ಕೂ ಏನು ಸಂಬಂಧ?
(ಒಬ್ಬ ಗೃಹಿಣಿ, ಪಿಂಪ್ರಿ)

ಉತ್ತರ: ಮಾವನವರು ಕೇಳಿದ್ದರಲ್ಲಿ ನಗುವಂಥದ್ದೇನೂ ಇಲ್ಲ. ಫಾರಸಿಯಲ್ಲಿ ದಾರೂ ಅಂದರೆ ಔಷಧ. ಹಿಂದಿಯವರು "ದವಾ-ದಾರೂ" ಅನ್ನುವಾಗ ಆ ಹಳೇ ಅರ್ಥ ಇನ್ನೂ ಉಸಿರಾಡುತ್ತಿರುತ್ತದೆ. ಮರಾಠಿಗೆ ಬಂದ ಮೇಲೆ ಆ ಮಾತು ಎರಡು ದಾರಿ ಹಿಡಿಯಿತು. ಒಂದು ಬಾಟಲಿಗೆ ಹೋಯಿತು, ಇನ್ನೊಂದು ತೋಪಿನ ಬಾಯಿಗೆ. ಅಲ್ಲಿ ದಾರೂ ಅಂದರೆ ಸಿಡಿಮದ್ದೂ ಹೌದು. ಹಬ್ಬ ಜಾತ್ರೆಯಲ್ಲಿ ಪಟಾಕಿ ಸುಡುವುದಕ್ಕೆ ಮರಾಠಿಯವರು "ದಾರೂಕಾಮ" ಅನ್ನುವುದನ್ನು ನೀವೂ ಕೇಳಿರುತ್ತೀರಿ, ಅದರಲ್ಲಿ ಕುಡಿಯುವ ಕೆಲಸ ಏನೂ ಇಲ್ಲ. ದಾರೂಗೋಳಾ ಅಂದರೆ ಮದ್ದು ಮತ್ತು ಗುಂಡು, ನಮ್ಮ ಮದ್ದುಗುಂಡಿನ ಪಡಿಯಚ್ಚು. ಖಡಕಿಯ ಆ ಕಾರ್ಖಾನೆ ಶುರುವಾದದ್ದು 1869ರಲ್ಲಿ.

ಈಗ ನಮ್ಮ ಕಡೆ ನೋಡಿ. ಮಂಗಳೂರಿನವರಿಗೆ ಜ್ವರ ಬಂದರೂ ಮದ್ದು, ಕೋವಿಗೆ ತುಂಬಿದರೂ ಮದ್ದು. ಶ್ರೀರಂಗಪಟ್ಟಣದ "ಮದ್ದಿನ ಮನೆ"ಯನ್ನು ಹಳೇ ಕಾಲದ ಆಸ್ಪತ್ರೆ ಅಂದುಕೊಂಡು ನೋಡಲು ಹೋಗುವವರು ಈಗಲೂ ಇರಬಹುದು. ಚೀನಾದವರಂತೂ ಸಿಡಿಮದ್ದಿಗೆ "ಬೆಂಕಿ ಔಷಧ" ಅಂತಲೇ ಹೆಸರಿಟ್ಟರು. ಅಲ್ಲಿ ಅದು ಮೊದಲು ಸಿಕ್ಕಿದ್ದೇ ಸಾವಿಲ್ಲದ ಹಾಗೆ ಮಾಡುವ ಔಷಧ ಹುಡುಕುತ್ತಿದ್ದವರ ಕೈಗೆ. ಮಾಡುವ ರೀತಿಯೂ ಔಷಧದ ರೀತಿಯೇ. ಪೆಟ್ಲುಪ್ಪು (ಸಾಲ್ಟ್‌ಪೀಟರ್), ಇದ್ದಿಲು, ಗಂಧಕ, ಮೂರನ್ನೂ ಬೇರೆ ಬೇರೆ ಅರೆದು, ತೂಕ ಮಾಡಿ ಬೆರೆಸಬೇಕು. ನೂರು ಪಾಲಿನಲ್ಲಿ ಹೆಚ್ಚು ಕಡಿಮೆ 75 ಪಾಲು ಪೆಟ್ಲುಪ್ಪು, 15 ಇದ್ದಿಲು, 10 ಗಂಧಕ. ಬೆಂಕಿಗೆ ಬೇಕಾದ ಆಮ್ಲಜನಕವನ್ನು ಪೆಟ್ಲುಪ್ಪೇ ಒದಗಿಸುವುದರಿಂದ ಬಾಯಿ ಮುಚ್ಚಿದ ನಳಿಗೆಯ ಒಳಗೆ, ಹೊರಗಿನ ಗಾಳಿ ಇಲ್ಲದೆಯೂ, ಅದು ಭಗ್ಗನೆ ಉರಿದು ಹೊಗೆಯಾಗಿ ಗುಂಡನ್ನು ಹೊರಗೆ ದಬ್ಬುತ್ತದೆ. ಮದ್ದಿನ ಪೂರ್ತಿ ಗುಟ್ಟು ಇಷ್ಟೇ.

ಒಂದು ತಮಾಷೆ ಮಾತ್ರ ಬಿಡಬಾರದು. ಮರಾಠಿಯವರು ಹೆಂಡಕ್ಕೆ ಮದ್ದಿನ ಹೆಸರು ಕೊಟ್ಟರೆ, ಕನ್ನಡದವರು ಗುಂಡಿನ ಹೆಸರನ್ನೇ ಕೊಟ್ಟೆವು. "ಸಂಜೆ ಗುಂಡು ಹಾಕೋಣ" ಅಂದರೆ ಯಾರೂ ಪೊಲೀಸರಿಗೆ ಫೋನ್ ಮಾಡುವುದಿಲ್ಲ. ಮಾವನವರಿಗೆ ಇದನ್ನು ಓದಿ ಹೇಳಿ.

ಪ್ರಶ್ನೆ: ಸರ್, ನಾನು ಹತ್ತನೇ ಕ್ಲಾಸು. ಗುಂಡು ಅಂದರೆ ರೌಂಡ್ ಅಂತ ಅಮ್ಮ ಹೇಳ್ತಾರೆ. ಆದರೆ ಮ್ಯೂಸಿಯಂನಲ್ಲಿ ನೋಡಿದ ಬುಲೆಟ್ ಒಂದೂ ರೌಂಡ್ ಇರಲಿಲ್ಲ, ಎಲ್ಲ ಚೂಪು. ಹಾಗಾದ್ರೆ ಹೆಸರು ತಪ್ಪಲ್ವಾ?
(ವಿದ್ಯಾರ್ಥಿ, ಠಾಣೆ)

ಉತ್ತರ: ಹೆಸರು ಇಟ್ಟಾಗ ಅದು ಗುಂಡಗೇ ಇತ್ತು ಮರಿ. ಸೀಸ ಕರಗಿಸಿ ಅಚ್ಚಿಗೆ ಹೊಯ್ದು ಗೋಲಿಯ ಹಾಗೆ ಮಾಡುತ್ತಿದ್ದರು, ನಳಿಗೆಯ ಬಾಯಿಂದ ಮದ್ದು ಹಾಕಿ, ಮೇಲೆ ಗುಂಡು ಹಾಕಿ, ಸರಳಿನಿಂದ ಜಡಿಯಬೇಕಿತ್ತು. ಉರುಟು ಗುಂಡು ಆ ನುಣುಪಾದ ನಳಿಗೆಯ ಗೋಡೆಗೆ ಅಲ್ಲಿ ಇಲ್ಲಿ ತಾಗುತ್ತಾ ಬರುತ್ತಿತ್ತು, ಹಾಗಾಗಿ ಎಲ್ಲಿಗೆ ಹೋಗುತ್ತದೆ ಅಂತ ಹೊಡೆದವನಿಗೇ ಗ್ಯಾರಂಟಿ ಇರಲಿಲ್ಲ. ನಳಿಗೆಯ ಒಳಗೆ ಸುರುಳಿ ಗೆರೆ ಕೊರೆದರೆ ಗುಂಡು ತಿರುಗುತ್ತಾ ನೆಟ್ಟಗೆ ಹೋಗುತ್ತದೆ ಅಂತ ಗೊತ್ತಿತ್ತು, ಆದರೆ ಬಿಗಿಯಾದ ಗುಂಡನ್ನು ಬಾಯಿಂದ ಒಳಗೆ ಇಳಿಸೋದೇ ಕಷ್ಟ. 1849ರಲ್ಲಿ ಮಿನಿಯೆ ಅನ್ನುವ ಫ್ರೆಂಚ್ ಸೇನಾಧಿಕಾರಿ ಮುಂದೆ ಚೂಪು, ಹಿಂದೆ ಟೊಳ್ಳು ಇರುವ ಗುಂಡು ತಂದ. ಅದು ಸಲೀಸಾಗಿ ಒಳಗೆ ಇಳಿಯುತ್ತದೆ, ಮದ್ದು ಹತ್ತಿಕೊಂಡಾಗ ಹಿಂಬದಿ ಅರಳಿ ಗೆರೆಗಳನ್ನು ಕಚ್ಚಿಕೊಳ್ಳುತ್ತದೆ. ಅವತ್ತಿಂದ ಗುಂಡು ಗುಂಡಗಿಲ್ಲ. ಇಂಗ್ಲಿಷರೂ ಅದನ್ನು ಬಹಳ ದಿನ ಮಿನಿ ಬಾಲ್ ಅಂತಲೇ ಕರೆದರು, ಚೆಂಡಿನ ಆಕಾರ ಹೋಗಿದ್ದರೂ. ಮರಾಠಿಯ ಗೋಳಿಗೂ ಇದೇ ಕಥೆ. ನಮ್ಮ ಪತ್ರಿಕೆಗಳು ಪೊಲೀಸರು ಗುಂಡು ಹಾರಿಸಿದರೆ "ಗೋಲಿಬಾರ್" ಅಂತ ಬರೆಯುತ್ತವಲ್ಲ, ಅದು ಮರಾಠಿಯ ಗೋಳಿಬಾರ್. ಪುಣೆಯ ಗೋಳಿಬಾರ್ ಮೈದಾನದ ಹೆಸರಲ್ಲಿರುವುದೂ ಅದೇ.

ಹೆಸರು ತಪ್ಪು ಅನ್ನಬೇಡ. ಹಳೇದು ಅನ್ನು.

ಪ್ರಶ್ನೆ: ನಮ್ಮೋರು ಧಾರವಾಡ ಕಡೆಯವರು, ನಾನು ಉಡುಪಿಯವಳು. ಮಗ ಕಿಟಕಿಯಿಂದ ಕಲ್ಲು ಎಸೆದಾಗ ಇವರು "ಯಾಕ ಕಲ್ಲ ಒಗದಿ?" ಅಂತಾರೆ, ನಾನು "ಯಾಕೆ ಬಿಸಾಡಿದ್ದು?" ಅಂತೇನೆ. ಮಗ ಇಬ್ಬರನ್ನೂ ಬಿಟ್ಟು "ನಾನು ಫೇಕ್ ಮಾಡ್ಲಿಲ್ಲ" ಅಂತಾನೆ. ಸರಿಯಾದ ಕನ್ನಡ ಯಾವುದು?
(ಡೊಂಬಿವಲಿ)

ಉತ್ತರ: ನಿಮ್ಮಿಬ್ಬರದ್ದೂ ಸರಿ. ಮಗನದ್ದು ಎಸೆ ಅನ್ನುವ ಅರ್ಥದ ಮರಾಠಿಯ "ಫೇಕ್" ಸೇರಿದ ಮುಂಬಯಿ ಕನ್ನಡ, ಅದರ ಪಾಡಿಗೆ ಅದು. ಮೈಸೂರಿನ ಕಡೆಯ ಸೊಸೆ ಬಂದಿದ್ದರೆ "ಕಲ್ಲು ಒಗದಿ" ಅನ್ನುವುದನ್ನು ಕೇಳಿ, ಕಲ್ಲನ್ನು ಯಾಕೆ ಸೋಪು ಹಾಕಿ ತೊಳೆದ ಅಂತ ಯೋಚನೆ ಮಾಡುತ್ತಿದ್ದಳು, ಅಷ್ಟೇ ವ್ಯತ್ಯಾಸ.

ಆದರೆ ಒಂದು ಮಾತು. ಮಕ್ಕಳಿಗೆ ಆಯುಧದ ಹೆಸರಿಗಿಂತ ಅದರ ಜೊತೆ ಬರುವ ಕ್ರಿಯಾಪದ ಕಲಿಸಬೇಕು ಅನ್ನೋದು ನನ್ನ ಹಠ. ಹೆಸರು ಆ ವಸ್ತುವಿನ ಆಕಾರ ಹೇಳಬಹುದು, ಅದು ಹೇಗೆ ಹೊರಟಿತು ಅಂತ ಹೇಳುವುದು ಕ್ರಿಯಾಪದ. ಕಲ್ಲನ್ನು ಎಸೆಯುತ್ತೇವೆ, ಬೀರುತ್ತೇವೆ, ಗುಂಪು ಸೇರಿದರೆ ತೂರುತ್ತೇವೆ, ಅದಕ್ಕೇ ಪತ್ರಿಕೆಯಲ್ಲಿ "ಕಲ್ಲು ತೂರಾಟ". ಕವಣೆ ಬೀಸುತ್ತೇವೆ. ಬಾಣವನ್ನು ಎಸೆಯುವುದಿಲ್ಲ, ಹೂಡುತ್ತೇವೆ, ತೊಡುತ್ತೇವೆ, ಆಮೇಲೆ ಬಿಡುತ್ತೇವೆ. ಬಿಡುವುದು ಅನ್ನುವುದರಲ್ಲೇ ಇದೆ, ಬಾಣಕ್ಕೆ ಬಲ ಕೊಟ್ಟದ್ದು ಹೆದೆ, ಕೈ ಮಾಡುವುದು ಹಿಡಿತ ಸಡಿಲಿಸುವ ಕೆಲಸ ಮಾತ್ರ. ಗುಂಡನ್ನು ಹಾರಿಸುತ್ತೇವೆ. ಬಾಂಬು ಹಾಕುತ್ತೇವೆ, ಯಾಕೆಂದರೆ ಅದು ಮೇಲಿಂದ ಬೀಳುವುದು. ಕ್ಷಿಪಣಿಯನ್ನು ಉಡಾಯಿಸುತ್ತೇವೆ. ಹಳಗನ್ನಡದಲ್ಲಿ ಬಾಣಕ್ಕೇ ಅಂತ "ಎಸು" ಎಂಬ ಧಾತು ಇತ್ತು, ಕುಮಾರವ್ಯಾಸ ಓದುವಾಗ ಸಿಗುವ "ಎಚ್ಚನು" ಅದರದ್ದೇ ರೂಪ. ಕಲ್ಲು ಎಸೆದವನು ಬೇರೆ, ಅಂಬು ಎಚ್ಚವನು ಬೇರೆ. ಇಷ್ಟು ಬಗೆಯ ಮಾತು ಮನೆಯಲ್ಲೇ ಇರುವಾಗ ಎಲ್ಲದಕ್ಕೂ "ಫೇಕ್ ಮಾಡು" ಅಂತ ಒಂದೇ ಮೊಳೆ ಹೊಡೆದರೆ ನನಗೆ ಸ್ವಲ್ಪ ಬೇಜಾರಾಗುತ್ತದೆ. ಕಿಟಕಿಯ ವಿಷಯ ಬೇರೆ, ಕೆಳಗಿನವರು ಯಾವ ಭಾಷೆಯಲ್ಲಿ ಬಯ್ದರೂ ಮಗನಿಗೆ ಅರ್ಥವಾಗುತ್ತದೆ.

ಪ್ರಶ್ನೆ: ಮರಾಠಿ ಪೇಪರಿನಲ್ಲಿ ಕ್ಷೇಪಣಾಸ್ತ್ರ, ಕನ್ನಡದಲ್ಲಿ ಕ್ಷಿಪಣಿ, ಟಿವಿಯಲ್ಲಿ ಮಿಸೈಲ್, ನಡುವೆ ರಾಕೆಟ್ ಅಂತಲೂ ಬರುತ್ತೆ. ಎಲ್ಲ ಒಂದೇನಾ? ನಾವು ಪುಣೆಯ ಪಾಷಾಣ ಬಡಾವಣೆಯಲ್ಲಿ ಮನೆ ಮಾಡಿದ್ದೇವೆ, ಅಕ್ಕಪಕ್ಕದ ಸರಕಾರಿ ಕಾಂಪೌಂಡುಗಳಲ್ಲಿ ಏನು ಮಾಡುತ್ತಾರೆ ಅಂತ ಊರವರು ಕೇಳಿದರೆ ಹೇಳೋಕೆ ಬರಲ್ಲ.
(ಸಾಫ್ಟ್‌ವೇರ್ ಉದ್ಯೋಗಿ, ಪುಣೆ)

ಉತ್ತರ: ಕ್ಷೇಪಣಾಸ್ತ್ರ, ಕ್ಷಿಪಣಿ, ಮಿಸೈಲ್ ಮೂರೂ ಒಂದೇ. ರಾಕೆಟ್ ಬೇರೆ. ಇಂಧನವನ್ನೂ ಅದು ಉರಿಯಲು ಬೇಕಾದ ಆಮ್ಲಜನಕವನ್ನೂ ತಾನೇ ಹೊತ್ತು, ಉರಿಸಿ, ಹಿಂದಕ್ಕೆ ಬಿಸಿ ಗಾಳಿ ಉಗುಳಿ ಮುಂದೆ ಹೋಗುವುದೆಲ್ಲ ರಾಕೆಟ್. ಬಿಟ್ಟ ಮೇಲೆ ಅದಕ್ಕೆ ದಾರಿ ತೋರಿಸುವ ವ್ಯವಸ್ಥೆ ಇದ್ದರೆ, ಹಾರುತ್ತಲೇ ಅದು ತಿರುಗಿ ಗುರಿ ಹಿಡಿದರೆ, ಆಗ ಕ್ಷಿಪಣಿ. ಬಿಟ್ಟ ಮೇಲೆ ಬಿಟ್ಟದ್ದೇ ಅಂತಾದರೆ ಸೈನ್ಯದವರ ಬಾಯಲ್ಲಿ ಅದು ಬರೀ ರಾಕೆಟ್. ಇನ್ನು ತೋಪಿನಿಂದ ಹೊರಡುವ ಶೆಲ್ಲಿಗೆ ಸ್ವಂತ ಇಂಧನವೇ ಇರುವುದಿಲ್ಲ, ನಳಿಗೆಯಲ್ಲಿ ಸಿಕ್ಕಿದ ಒಂದೇ ಏಟಿನ ಬಲದಲ್ಲಿ ಅಷ್ಟೂ ದೂರ ಹೋಗಬೇಕು.

ನಿಮ್ಮ ನೆರೆಹೊರೆಯೇ ಇದಕ್ಕೆ ಒಳ್ಳೆಯ ಉದಾಹರಣೆ. ಪಾಷಾಣದಲ್ಲಿರುವ ರಕ್ಷಣಾ ಸಂಶೋಧನಾ ಸಂಸ್ಥೆ ಡಿಆರ್‌ಡಿಒದ, ಆಯುಧ ರೂಪಿಸುವ ಎಆರ್‌ಡಿಇ ಪ್ರಯೋಗಾಲಯ ಪಿನಾಕ ರಾಕೆಟ್ ವ್ಯವಸ್ಥೆಯನ್ನು ರೂಪಿಸಿತು. ಲಾರಿಯ ಮೇಲೆ ಹನ್ನೆರಡು ನಳಿಗೆ, 44 ಸೆಕೆಂಡಿನಲ್ಲಿ ಹನ್ನೆರಡೂ ಖಾಲಿ. ಪ್ರತಿ ರಾಕೆಟ್ಟಿನ ಅಡ್ಡಳತೆ 214 ಮಿಲಿಮೀಟರ್. 1999ರ ಕಾರ್ಗಿಲ್ ಯುದ್ಧದಲ್ಲಿ ಅದನ್ನು ಬಳಸಿದರು. ಆಗಿನದ್ದು ಬಿಟ್ಟ ಮೇಲೆ ಬಿಟ್ಟದ್ದೇ ಎಂಬ ಜಾತಿ. ಆಮೇಲೆ ದಾರಿ ತಿದ್ದಿಕೊಳ್ಳುವ ಪಿನಾಕವೂ ಬಂತು, ಹೀಗಾಗಿ ರಾಕೆಟ್ಟಿಗೂ ಕ್ಷಿಪಣಿಗೂ ಇರುವ ಬೇಲಿ ಈಗ ಅಲ್ಲಲ್ಲಿ ಮುರಿದಿದೆ. ಅಲ್ಲೇ ಹತ್ತಿರ ಸುತಾರವಾಡಿಯಲ್ಲಿ ಇನ್ನೊಂದು ಪ್ರಯೋಗಾಲಯ ಇದೆ, ಅವರ ಕೆಲಸ ಇಂಧನ ಮತ್ತು ಸ್ಫೋಟಕ. ಮದ್ದಿನವರು ಅನ್ನಿ.

ಪಿನಾಕ ಅಂದರೆ ಶಿವನ ಬಿಲ್ಲು. ಹಾರಿ ಹೋಗುವ ರಾಕೆಟ್ಟಿಗೆ ಬಿಲ್ಲಿನ ಹೆಸರು ಯಾಕೆ ಅಂತ ಕೆಲವರು ಮೂಗು ಮುರಿಯುತ್ತಾರೆ. ನನಗೇನೋ ಸರಿ ಅನ್ನಿಸುತ್ತದೆ, ಯಾಕೆಂದರೆ ನಳಿಗೆ ಹೊತ್ತ ಆ ಲಾರಿಯೇ ಬಿಲ್ಲು. ತಕರಾರು ಮಾಡಬೇಕಿದ್ದರೆ ತ್ರಿಶೂಲದ ಬಗ್ಗೆ ಮಾಡಿ. 1983ರಲ್ಲಿ ಶುರುವಾದ ಕ್ಷಿಪಣಿ ಯೋಜನೆಯಲ್ಲಿ ಪೃಥ್ವಿ, ಅಗ್ನಿ, ಆಕಾಶ್, ನಾಗ್ ಜೊತೆ ತ್ರಿಶೂಲವೂ ಇತ್ತು. ಕೈಯಲ್ಲಿ ಹಿಡಿದು ತಿವಿಯುವ ಆಯುಧವನ್ನು ಆಕಾಶಕ್ಕೆ ಕಳಿಸಿದ್ದು ಅದೊಂದೇ.

ಕ್ಷಿಪಣಿ ಅನ್ನುವ ಮಾತಿನ ಬುಡದಲ್ಲಿ ಇರುವುದು ಎಸೆಯುವ ಅರ್ಥದ "ಕ್ಷಿಪ್" ಧಾತು. ಅದೇ ಧಾತುವಿನಿಂದ ಬಂದ "ಕ್ಷೇಪಣಿ" ಸಂಸ್ಕೃತದಲ್ಲಿ ಕವಣೆಗೆ ಹೆಸರು. ಗುಬ್ಬಿ ಓಡಿಸುವ ಹಗ್ಗ ಮತ್ತು ಖಂಡ ದಾಟುವ ಅಗ್ನಿ ಹೆಸರಿನ ಲೆಕ್ಕದಲ್ಲಿ ದಾಯಾದಿಗಳು.

ಪ್ರಶ್ನೆ: ಬ್ರಹ್ಮೋಸ್ ಅಂದರೆ ಬ್ರಹ್ಮಾಸ್ತ್ರದ ಶಾರ್ಟ್ ಫಾರ್ಮ್ ತಾನೆ? ಗೆಳೆಯರ ಜೊತೆ ಬೆಟ್ ಕಟ್ಟಿದ್ದೇನೆ.
(ಅಂಧೇರಿ)

ಉತ್ತರ: ದುಡ್ಡು ಕೊಟ್ಟುಬಿಡಿ. ಬ್ರಹ್ಮಪುತ್ರಾ ನದಿ ಮತ್ತು ರಷ್ಯಾದ ಮೊಸ್ಕ್ವಾ ನದಿ, ಎರಡರ ಹೆಸರು ಜೋಡಿಸಿದ್ದು.

ಪ್ರಶ್ನೆ: ಇಪ್ಪತ್ತು ವರ್ಷದ ಹಿಂದೆ ಬಾಗಲಕೋಟೆಯಿಂದ ಗೋವಾಕ್ಕೆ ಬಂದವರು ನಾವು. ಅಗ್ವಾದ ಕೋಟೆಯಲ್ಲಿ ಫಿರಂಗಿ ಎಲ್ಲಿ ಇಡ್ತಿದ್ದರು ಅಂತ ಒಬ್ಬ ಅಜ್ಜನನ್ನು ಕೇಳಿದೆ, ಆತ ನನ್ನನ್ನು ವಿಚಿತ್ರವಾಗಿ ನೋಡಿ, "ಫಿರಂಗಿಗಳು 1961ರಲ್ಲೇ ಹೋದರಲ್ಲ" ಅಂದ. ನಾನು ಕೇಳಿದ್ದು ತೋಪು, ಆತ ಹೇಳಿದ್ದು ಏನು?
(ವಾಸ್ಕೋ)

ಉತ್ತರ: ಆತ ಹೇಳಿದ್ದು ಪೋರ್ಚುಗೀಸರನ್ನು! ಫ್ರಾಂಕ್ ಅನ್ನುವ ಯುರೋಪಿನ ಜನರ ಹೆಸರು ಅರಬರ, ಫಾರಸಿಯವರ ಬಾಯಲ್ಲಿ ಫರಂಗ್ ಆಗಿ, ನಮ್ಮ ಕರಾವಳಿಗೆ ಬರುವ ಹೊತ್ತಿಗೆ ಹಡಗಿನಿಂದ ಇಳಿದ ಬಿಳಿಯರೆಲ್ಲ ಫಿರಂಗಿಗಳಾಗಿದ್ದರು. ಇಲ್ಲಿ ಅದು ಹೆಚ್ಚಾಗಿ ಪೋರ್ಚುಗೀಸರಿಗೇ ಅಂಟಿಕೊಂಡಿತು. ಅವರು ತಂದ ವಸ್ತುವಿಗೂ ಅವರದ್ದೇ ಹೆಸರು. ವಿಚಿತ್ರ ಏನೆಂದರೆ, ಯಾರಿಗೆ ಯಾವ ವಸ್ತು ಕಣ್ಣಿಗೆ ಬಿತ್ತೋ ಅದಕ್ಕೆ ಆ ಹೆಸರು ಹೋಯಿತು. ಕನ್ನಡದವರಿಗೆ ಫಿರಂಗಿ ಅಂದರೆ ತೋಪು. ಮರಾಠರಿಗೆ ಫಿರಂಗ್ ಅಂದರೆ ಯುರೋಪಿನ ಅಲಗು ಹಾಕಿದ ಉದ್ದನೆಯ ನೆಟ್ಟ ಕತ್ತಿ.

ತೋಪು ಅನ್ನುವುದು ತುರ್ಕಿ ಮಾತು, ಅಲ್ಲಿ "ತೋಪ್" ಅಂದರೆ ಚೆಂಡೂ ಹೌದು, ಫಿರಂಗಿಯೂ ಹೌದು. ಬಂದೂಕು ಅರಬ್ಬಿಯ "ಬುಂದುಕ್", ಮೊದಲು ಅದು ಒಂದು ಜಾತಿಯ ಉರುಟು ಕಾಯಿಗೆ ಹೆಸರು, ಆಮೇಲೆ ಬಿಲ್ಲಿನಿಂದ ಹೊಡೆಯುವ ಮಣ್ಣಿನ ಗುಂಡಿಗೆ, ಕೊನೆಗೆ ಕೋವಿಗೆ. ಅಂದರೆ ಎರಡೂ ಕಡೆ ಹಾರುವ ವಸ್ತುವಿನ ಹೆಸರು ಹಾರಿಸುವ ಯಂತ್ರಕ್ಕೆ ಬಂದಿದೆ. ಮಾವಿನ ತೋಪು ಮಾತ್ರ ಬೇರೆ, ಅದು ನಮ್ಮದೇ ಮಾತು, ಇದಕ್ಕೂ ಅದಕ್ಕೂ ನಂಟಿಲ್ಲ. 1612ರ ಅಗ್ವಾದ ಕೋಟೆಯಲ್ಲಿ 79 ಫಿರಂಗಿ ಇಡುವ ಜಾಗ ಇತ್ತು ಅಂತ ಲೆಕ್ಕ. ಮುಂದಿನ ಸಲ ಆ ಅಜ್ಜ ಸಿಕ್ಕರೆ ತೋಪು ಅಂತ ಕೇಳಿ, ಕೊಂಕಣಿಯವರಿಗೂ ಗೊತ್ತಾಗುತ್ತದೆ.

ಪ್ರಶ್ನೆ: ಮೊಮ್ಮಗ ಗುಲೇಲ್ ಬೇಕು ಅಂತ ಹಠ ಹಿಡಿದಿದ್ದಾನೆ. ನಾನು ಸಣ್ಣವನಿದ್ದಾಗ ಹೊಲದಲ್ಲಿ ಕವಣಿ ಬೀಸಿದವ. ಎರಡೂ ಒಂದೇ ಅಂತ ಸೊಸೆ ಅಂತಾಳೆ. ಅಲ್ಲ ಅಂತ ಹೇಗೆ ತಿಳಿಸಿ ಹೇಳಲಿ?
(ನಿವೃತ್ತ ಮಿಲ್ ಕಾರ್ಮಿಕ, ಘಾಟ್ಕೋಪರ್)

ಉತ್ತರ: ಅಜ್ಜಾರೆ, ನೀವೇ ಸರಿ. ಕವಲು ಕೋಲಿಗೆ ಕಟ್ಟಿದ ರಬ್ಬರಿಗೆ ಹಳೇ ಮೈಸೂರಿನ ಕಡೆ ಕ್ಯಾಟರ್‌ಬಿಲ್ಲು, ಚಾಟರಬಿಲ್ಲು ಅಂತಾರೆ. ಗುಲೇಲ್ ಅಂತ ಮೊಮ್ಮಗ ಕೇಳುತ್ತಿರುವುದೂ ಅದನ್ನೇ. ಅದು ತೀರಾ ಹೊಸದು. ಗುಡ್‌ಇಯರ್ ಎಂಬಾತ ರಬ್ಬರನ್ನು ಗಂಧಕದ ಜೊತೆ ಕಾಯಿಸಿ ಗಟ್ಟಿ ಮಾಡುವ ವಿಧಾನಕ್ಕೆ 1844ರಲ್ಲಿ ಪೇಟೆಂಟ್ ಪಡೆದ ಮೇಲಷ್ಟೇ ಎಳೆದರೆ ತುಂಡಾಗದೆ ವಾಪಸ್ ಬರುವ ರಬ್ಬರು ಜನರ ಕೈಗೆ ಸಿಕ್ಕಿದ್ದು.

ನಿಮ್ಮ ಕವಣೆ ಸಾವಿರಾರು ವರ್ಷ ಹಳೆಯದು. ನಿಮಗೆ ಗೊತ್ತಿರುವುದೇ, ಸೊಸೆಗೋಸ್ಕರ ಬರೆಯುತ್ತೇನೆ. ನಾರಿನ ಎರಡು ಹಗ್ಗ, ನಡುವೆ ಅಂಗೈಯಷ್ಟು ಹೆಣೆದ ಬಟ್ಟಲು. ಒಂದು ಹಗ್ಗದ ತುದಿಯಲ್ಲಿ ಕುಣಿಕೆ, ಅದು ಬೆರಳಿಗೆ ಸಿಕ್ಕಿಸೋದು. ಇನ್ನೊಂದರ ತುದಿಯನ್ನು ಹೆಬ್ಬೆರಳು ತೋರುಬೆರಳ ನಡುವೆ ಒತ್ತಿ ಹಿಡಿಯೋದು. ಬಟ್ಟಲಲ್ಲಿ ಕಲ್ಲಿಟ್ಟು ತಲೆ ಮೇಲೆ ಒಂದೆರಡು ಸುತ್ತು ಬೀಸಿ ಹಿಡಿದ ತುದಿ ಬಿಟ್ಟರೆ, ಕಲ್ಲು ಅಲ್ಲಿಯವರೆಗೆ ಸುತ್ತುತ್ತಿದ್ದದ್ದು ಆ ಕ್ಷಣಕ್ಕೆ ಯಾವ ದಿಕ್ಕಿಗೆ ಮುಖ ಮಾಡಿತ್ತೋ ಆ ದಿಕ್ಕಿಗೆ ನೆಟ್ಟಗೆ ಹೊರಟುಬಿಡುತ್ತದೆ. ಬಿಡುವ ಹೊತ್ತು ಚೂರು ಆಚೀಚೆ ಆದರೂ ಪಕ್ಕದ ಹೊಲದವನ ತಲೆಗೆ. ಜೋಳ ಹಾಲುಗಾಳಿಗೆ ಬಂದಾಗ ಮಂಚಿಕೆ ಹತ್ತಿ ನಿಂತು ಬೀಸಿದ ಕವಣೆಯ ಛಟೀರ್ ಸದ್ದಿಗೇ ಅರ್ಧ ಹಕ್ಕಿ ಏಳುತ್ತಿದ್ದವು, ಕಲ್ಲು ತಾಗಬೇಕು ಅಂತಲೂ ಇರಲಿಲ್ಲ. ಮರಾಠಿಯಲ್ಲಿ ಇದಕ್ಕೆ ಗೋಫಣ ಅಂತಾರೆ, ಸತಾರಾ ಸೊಲ್ಲಾಪುರ ಕಡೆಯ ಯಾವ ವಯಸ್ಸಾದ ರೈತರನ್ನು ಕೇಳಿದರೂ ಗೊತ್ತು.

ಇದು ಬರೀ ಹಕ್ಕಿ ಓಡಿಸುವ ಸಾಮಾನಾಗಿರಲಿಲ್ಲ. ಹಳೇ ಗ್ರೀಕರು ಕವಣೆಗೆ ಅಂತಲೇ ಬಾದಾಮಿ ಆಕಾರದ ಸೀಸದ ಗುಂಡು ಎರಕ ಹೊಯ್ಯುತ್ತಿದ್ದರು. ಬ್ರಿಟಿಷ್ ಮ್ಯೂಸಿಯಮ್ಮಿನಲ್ಲಿ ಅಂಥದ್ದೊಂದು ಇದೆ. ಒಂದು ಬದಿಗೆ ರೆಕ್ಕೆ ಇರುವ ಸಿಡಿಲಿನ ಚಿತ್ರ, ಇನ್ನೊಂದು ಬದಿಗೆ ಗ್ರೀಕಿನಲ್ಲಿ ಒಂದೇ ಮಾತು: "ತಗೋ!" ಮೊಮ್ಮಗನಿಗೆ ಎರಡೂ ಕೊಡಿಸಬೇಡಿ, ಘಾಟ್ಕೋಪರಿನ ಕಾರಿಡಾರಿನಲ್ಲಿ ಕವಣೆ ಬೀಸಿದರೆ ಸೊಸೆ ನನ್ನ ಮೇಲೆ ಬರುತ್ತಾಳೆ.

ಪ್ರಶ್ನೆ: ಶಸ್ತ್ರಾಸ್ತ್ರ ಅಂತ ಒಟ್ಟಿಗೆ ಯಾಕೆ ಹೇಳ್ತಾರೆ? ಎರಡೂ ಆಯುಧವೇ ಅಲ್ವಾ?
(ಮಡಗಾಂವ್)

ಉತ್ತರ: ಹಿಡಿದು ಹೊಡೆಯುವುದು ಶಸ್ತ್ರ, ಬಿಟ್ಟು ಹೊಡೆಯುವುದು ಅಸ್ತ್ರ. ಕತ್ತಿ ಶಸ್ತ್ರ, ಬಾಣ ಅಸ್ತ್ರ. ಯಕ್ಷಗಾನದಲ್ಲಿ, ಟಿವಿ ಮಹಾಭಾರತದಲ್ಲಿ ಮಂತ್ರ ಹಾಕಿ ಬಿಡುವುದನ್ನು ಮಾತ್ರ ಅಸ್ತ್ರ ಅಂತ ತೋರಿಸಿ ತೋರಿಸಿ ಈ ಸರಳ ವ್ಯತ್ಯಾಸ ಮರೆತುಹೋಗಿದೆ.

ಅಗ್ನಿಪುರಾಣದ ಧನುರ್ವೇದ ಭಾಗ ಇದನ್ನು ಇನ್ನೂ ಚೆಂದವಾಗಿ ವಿಂಗಡಿಸುತ್ತದೆ. ಬಿಲ್ಲು, ಕವಣೆಯಂಥ ಸಾಧನದಿಂದ ಬಿಡುವುದು ಯಂತ್ರಮುಕ್ತ. ಕಲ್ಲು, ತೋಮರ ಅನ್ನುವ ಈಟಿಯಂತೆ ಕೈಯಿಂದ ಎಸೆಯುವುದು ಪಾಣಿಮುಕ್ತ. ಕತ್ತಿಯಂಥದ್ದು ಅಮುಕ್ತ. ಆಯುಧವೇ ಇಲ್ಲದ್ದು ಬಾಹುಯುದ್ಧ. ಇವುಗಳ ನಡುವೆ ಒಂದು ಮಜಾ ಇದೆ, ಮುಕ್ತಸಂಧಾರಿತ, ಅಂದರೆ ಎಸೆದು ಮತ್ತೆ ಎಳೆದುಕೊಳ್ಳುವುದು. ಅದು ಹೇಗಿರುತ್ತದೆ ಅಂತ ನೋಡಬೇಕಿದ್ದರೆ ಪುರಾಣಕ್ಕೆ ಹೋಗಬೇಕಿಲ್ಲ, ಕೊಲ್ಲಾಪುರದ ಮರ್ದಾನಿ ಖೇಳ್ ಅನ್ನುವ ಆಯುಧ ವರಸೆ ನೋಡಿ. ಅಲ್ಲಿ ವಿಟಾ ಅಂತ ಒಂದು ಈಟಿ ಇದೆ. ಬುಡಕ್ಕೆ ಹಗ್ಗ, ಹಗ್ಗದ ಇನ್ನೊಂದು ತುದಿ ಮಣಿಕಟ್ಟಿಗೆ. ಎಸೆಯುತ್ತಾರೆ, ಅದು ಎದುರಿನವನ ಹತ್ತಿರ ಹೋಗುತ್ತಿದ್ದ ಹಾಗೆ ಕೈ ಜಗ್ಗುತ್ತಾರೆ, ಈಟಿ ತಿರುಗಿ ಅಂಗೈಗೆ. ಕುದುರೆ ಮೇಲಿದ್ದವನಿಗೆ ಇಳಿದು ಹೋಗಿ ಹೆಕ್ಕಿಕೊಂಡು ಬರುವ ತಾಪತ್ರಯ ಇಲ್ಲ.

ಪಾಣಿಮುಕ್ತಕ್ಕೆ ಈಗಿನ ಉದಾಹರಣೆ ಬೇಕಿದ್ದರೆ ನೀರಜ್ ಚೋಪ್ರಾ. ಟೋಕಿಯೋ ಒಲಿಂಪಿಕ್ಸಿನಲ್ಲಿ 800 ಗ್ರಾಂ ತೂಕದ ಭರ್ಜಿಯನ್ನು 87.58 ಮೀಟರ್ ದೂರ ಎಸೆದರು. ಮರಾಠಿ ಪತ್ರಿಕೆಗಳು ಭಾಲಾಫೇಕ್ ಅಂತ ಬರೆಯುತ್ತವೆ. ನಮ್ಮವು ಒಮ್ಮೆ ಭರ್ಜಿ, ಒಮ್ಮೆ ಈಟಿ, ಒಮ್ಮೆ ಜಾವೆಲಿನ್ ಅಂತ ಮೂರು ತಾಳ ಹಾಕುತ್ತವೆ.

ಪ್ರಶ್ನೆ: ಮುರುಡ್ ಜಂಜಿರಾಕ್ಕೆ ಪಿಕ್ನಿಕ್ ಹೋಗಿದ್ದೆವು. ಕಲಾಲ್ ಬಾಂಗಡಿ ಫಿರಂಗಿ ಕಬ್ಬಿಣದ್ದಲ್ಲ ಪಂಚಲೋಹ ಅಂದ ಗೈಡು, ಹಳೇ ಕಾಲದಲ್ಲಿ ಕಲ್ಲಿನ ಗುಂಡೂ ಹಾರಿಸ್ತಿದ್ದರು ಅಂದ. ಕಲ್ಲು ಹಾರಿಸಿದರೆ ನಳಿಗೆಯಲ್ಲೇ ಪುಡಿಯಾಗಲ್ವಾ?
(ಚೆಂಬೂರು)

ಉತ್ತರ: ಗಟ್ಟಿ ಕಲ್ಲಾದರೆ ಆಗುವುದಿಲ್ಲ. ದೊಡ್ಡ ತೋಪಿಗೆ ಕಲ್ಲೇ ಅನುಕೂಲ ಕೂಡ. ವಿಜಯಪುರದ ಮಲಿಕ್-ಎ-ಮೈದಾನ್ ತಗೊಳ್ಳಿ. 1549ರಲ್ಲಿ ಅಹಮದ್‌ನಗರದಲ್ಲಿ ಎರಕ ಹೊಯ್ದದ್ದು, ಸುಮಾರು 55 ಟನ್ ತೂಕ. ನಳಿಗೆಯ ಬಾಯಿ 70 ಸೆಂಟಿಮೀಟರ್ ಹತ್ತಿರ, ದೊಡ್ಡವರೊಬ್ಬರು ಒಳಗೆ ತೂರಿ ಕೂರಬಹುದು. ಆ ಬಾಯಿಗೆ ಹೊಂದುವ 65 ಸೆಂಟಿಮೀಟರಿನ ಕಲ್ಲಿನ ಗುಂಡಿಗೆ ನಾನು ಲೆಕ್ಕ ಹಾಕಿದರೆ ಸುಮಾರು 400 ಕಿಲೋ ಆಗುತ್ತದೆ. ಅದೇ ಅಳತೆಯ ಕಬ್ಬಿಣದ ಗುಂಡು ಒಂದು ಟನ್ ಮುಟ್ಟುತ್ತದೆ. ಅಷ್ಟು ಭಾರವನ್ನು ದಬ್ಬುವಷ್ಟು ಮದ್ದು ಹಾಕಿದರೆ ತೋಪೇ ಬಿರಿಯುವ ಭಯ. ಕಲ್ಲುಕುಟಿಗರಿಗೆ ನಮ್ಮ ದಖ್ಖನದಲ್ಲಿ ಬರ ಇರಲಿಲ್ಲ, ಕಲ್ಲಿಗಂತೂ ಇಲ್ಲವೇ ಇಲ್ಲ. ಇದೇ ತೋಪಿಗೆ ತಾಮ್ರದ ದುಡ್ಡು ತುಂಬಿ ಹಾರಿಸಿದರು ಅನ್ನುವ ಕಥೆಯೂ ಉಂಟು. ಸಣ್ಣ ತೋಪಿಗೆ ಮಾತ್ರ ಕಬ್ಬಿಣದ ಗುಂಡೇ ಮೇಲು, ಗೋಡೆ ಒಡೆಯಲು ತೂಕ ಬೇಕು.

ಪ್ರಶ್ನೆ: ದೀಪಾವಳಿಯಲ್ಲಿ ಪಕ್ಕದ ಮನೆ ಮಕ್ಕಳು ರಾಕೆಟ್ ಪಟಾಕಿಗೆ "ಬಾಣ" ಅಂತಾರೆ. ಅಂಬು ಬಿಲ್ಲಿನ ಬಾಣ ಪಟಾಕಿ ಯಾವಾಗ ಆಯ್ತು?
(ಒಬ್ಬ ಶಿಕ್ಷಕಿ, ವಡಾಲಾ)

ಉತ್ತರ: ಮೇಡಂ, ಕನ್ನಡದಲ್ಲೂ ಆಗಿದೆ. ನಾವು ಪಟಾಕಿಗೆ ಬಾಣಬಿರುಸು ಅನ್ನುವಾಗ ಆ ಬಾಣ ಇದೇ. ನಡುವೆ ಒಂದು ಕೊಂಡಿ ಇದೆ, ಯುದ್ಧದ ರಾಕೆಟ್. ಮೊಗಲರ ಮತ್ತು ಮರಾಠರ ಕಾಲದ ಬರಹಗಳಲ್ಲಿ "ಬಾಣ" ಅಂದರೆ ಎಷ್ಟೋ ಕಡೆ ಬಿದಿರಿಗೆ ಕಟ್ಟಿದ ಮದ್ದಿನ ನಳಿಗೆ. ಮೈಸೂರಿನವರು ಮಾಡಿದ ದೊಡ್ಡ ಬದಲಾವಣೆ ಆ ನಳಿಗೆಯನ್ನು ಕಬ್ಬಿಣದಿಂದ ಮಾಡಿದ್ದು. ಕಾಗದದ, ಬಿದಿರಿನ ಕೊಳವೆಯಾದರೆ ಒಳಗಿನ ಒತ್ತಡ ಜಾಸ್ತಿಯಾಗುತ್ತಲೇ ಸೀಳಿಹೋಗುತ್ತದೆ. ಕಬ್ಬಿಣ ತಡೆದುಕೊಳ್ಳುತ್ತದೆ, ಹಾಗಾಗಿ ಮದ್ದನ್ನು ಇನ್ನೂ ಒತ್ತಿ ತುಂಬಬಹುದು, ಇನ್ನೂ ದೂರ ಹೋಗುತ್ತದೆ. 1780ರಲ್ಲಿ ಕಾಂಚೀಪುರದ ಹತ್ತಿರ ಪೊಳ್ಳಿಲೂರಿನಲ್ಲಿ ಹೈದರ್ ಮತ್ತು ಟಿಪ್ಪುವಿನ ಸೈನ್ಯ ಕಂಪನಿಯ ಪಡೆಯನ್ನು ಸೋಲಿಸಿದಾಗ ಈ ರಾಕೆಟ್ಟುಗಳೂ ಕೆಲಸ ಮಾಡಿದ್ದವು. 1799ರಲ್ಲಿ ಶ್ರೀರಂಗಪಟ್ಟಣ ಬಿದ್ದ ಮೇಲೆ ಕೆಲವನ್ನು ಇಂಗ್ಲೆಂಡಿಗೆ ಸಾಗಿಸಿದರು. ವಿಲಿಯಂ ಕಾಂಗ್ರೀವ್ ಅಲ್ಲಿ ತನ್ನ ರಾಕೆಟ್ಟುಗಳನ್ನು ಮಾಡಿದ, 1807ರಲ್ಲಿ ಕೋಪನ್‌ಹೇಗನ್ ಅದರಲ್ಲಿ ಹೊತ್ತಿ ಉರಿಯಿತು.

2018ರಲ್ಲಿ ಶಿವಮೊಗ್ಗ ಜಿಲ್ಲೆಯ ಹೊಸನಗರ ತಾಲೂಕಿನ ನಗರದಲ್ಲಿ ಒಂದು ಒಣ ಬಾವಿ ಅಗೆಯುವಾಗ ಮಣ್ಣಿಗೆ ಮದ್ದಿನ ವಾಸನೆ ಬಂತು. ಇನ್ನೂ ಅಗೆದರೆ ಒಂದು ಸಾವಿರಕ್ಕೂ ಮೀರಿ ತುಕ್ಕು ಹಿಡಿದ ಕಬ್ಬಿಣದ ರಾಕೆಟ್ಟುಗಳು, ಒಂದರ ಮೇಲೊಂದು ರಾಶಿ. ಯಾರೋ ಮುಚ್ಚಿಟ್ಟು ಹೋದದ್ದು. ಊರಿಗೆ ಹೋದಾಗ ಶಿವಮೊಗ್ಗದ ಸರಕಾರಿ ಮ್ಯೂಸಿಯಮ್ಮಿಗೆ ಹೋಗಿ ನೋಡಿ, ಮಕ್ಕಳನ್ನೂ ಕರ್ಕೊಂಡು ಹೋಗಿ. ನೋಡಲು ಬೀದಿ ನಲ್ಲಿಯ ಪೈಪಿನ ತುಂಡುಗಳ ಹಾಗಿವೆ, ಮಕ್ಕಳು ಮೊದಲು ನಿರಾಶೆಯಾಗುತ್ತಾರೆ.

ಪಕ್ಕದ ಮನೆಯವರು "ಅನಾರ್" ಅಂತಲೂ ಅನ್ನುತ್ತಾರಲ್ಲ, ನಮ್ಮ ಹೂಕುಂಡಕ್ಕೆ. ಅನಾರ್ ಅಂದರೆ ದಾಳಿಂಬೆ. ಗ್ರೆನೇಡ್ ಅನ್ನುವ ಹೆಸರೂ ಫ್ರೆಂಚರು ದಾಳಿಂಬೆಯಿಂದಲೇ ತಗೊಂಡದ್ದು.

ಪ್ರಶ್ನೆ: ಆಫೀಸಿನಲ್ಲಿ ಯಾರಾದರೂ ಜಂಬ ಕೊಚ್ಚಿದರೆ ಮುಂಬಯಿಯವರು "ಫೇಕ್ ಮತ್" ಅಂತಾರೆ. ಇದಕ್ಕೆ ಕನ್ನಡ ಏನು? ಎಸೀಬೇಡ ಅಂದರೆ ಯಾರಿಗೂ ಅರ್ಥ ಆಗಲ್ಲ.
(ಬೋರಿವಲಿ)

ಉತ್ತರ: "ಬುರುಡೆ ಬಿಡಬೇಡ" ಅನ್ನಿ. ಜಂಬಗಾರ ಪಳಗಿದವನಾಗಿದ್ದರೆ "ತುಪಾಕಿ ಹಾರಿಸಬೇಡ". ತುಪಾಕಿಯೂ ತುರ್ಕಿಯಿಂದ ಬಂದ ಬಂದೂಕೇ.